ವಲಯವಾರು ಹವಾನಿಯಂತ್ರಣ: ಒಂದು ಕೋಣೆ ತಂಪು, ಇನ್ನೊಂದು ಬಿಸಿ ಏಕೆ?

ಬೇಸಗೆಯಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತೇನಲ್ಲ. ಕೆಳಗೆ ಮಳಿಗೆ ಇಲ್ಲವೆ ಕಚೇರಿ, ಮೇಲೆ ವಾಸದ ಮನೆ ಎಂಬ ಕಟ್ಟಡಗಳು ನಮ್ಮ ವರ್ತಕ ಬಾಂಧವರಲ್ಲಿ ಸಾಕಷ್ಟಿವೆ. ಇವರಲ್ಲಿ ಕೆಲವರು ಕೋಣೆಗೊಂದು ಯಂತ್ರ ಕೂರಿಸುವ ಬದಲು ವಲಯವಾರು ವ್ಯವಸ್ಥೆಯನ್ನು ಅಳವಡಿಸಿಕೊಂಡಿದ್ದಾರೆ. ಇದರಲ್ಲಿ ಒಂದೇ ದೊಡ್ಡ ಯಂತ್ರವು ಡಕ್ಟ್‌ಗಳ ಮೂಲಕ ಮನೆಯ ಎಲ್ಲ ಭಾಗಗಳಿಗೂ ತಂಪು ಗಾಳಿ ಕಳುಹಿಸುತ್ತದೆ. ಪ್ರತಿ ಭಾಗಕ್ಕೂ ಪ್ರತ್ಯೇಕ ಥರ್ಮೋಸ್ಟಾಟ್ ಇರುತ್ತದೆ. ಎರಡು ಬೇಸಗೆ ಕಳೆಯುವಷ್ಟರಲ್ಲಿ ದೂರು ಕೇಳಿಬರುತ್ತದೆ: ಹಾಲಿನಲ್ಲಿ ಶಾಲು ಹೊದೆಯುವಷ್ಟು ಚಳಿ, ಮಲಗುವ ಕೋಣೆಯಲ್ಲಿ ತಡೆಯಲಾರದ ಸೆಕೆ.

ಇದಕ್ಕೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: "ಯಂತ್ರದ ಸಾಮರ್ಥ್ಯ ಸಾಲದು, ಇನ್ನೊಂದು ಹಾಕಿಸಿ." 2025ರ ಸೆಪ್ಟೆಂಬರ್ 22ರಿಂದ ಹವಾನಿಯಂತ್ರಕಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಈ ಸಲಹೆ ಇನ್ನಷ್ಟು ರುಚಿಸುವಂತಾಗಿದೆ. ಆದರೆ ಒಂದು ಕೋಣೆ ತಂಪಾಗಿ ಇನ್ನೊಂದು ಬಿಸಿಯಾಗಿದ್ದರೆ ಯಂತ್ರವು ತಂಪನ್ನು ಉತ್ಪಾದಿಸುತ್ತಿದೆ ಎಂದಾಯಿತು. ಅದು ತಲುಪಬೇಕಾದಲ್ಲಿಗೆ ತಲುಪುತ್ತಿಲ್ಲ. ಹೀಗಾಗಿ ಗಾಳಿಯ ದಾರಿಯನ್ನು ಪರೀಕ್ಷಿಸದೆ ಹಣದ ಚೀಲಕ್ಕೆ ಕೈ ಹಾಕುವುದು ತರವಲ್ಲ.

ವ್ಯವಸ್ಥೆಯ ಕಾರ್ಯವಿಧಾನ ಸರಳವಾದುದೇ. ಪ್ರತಿ ವಲಯದ ಡಕ್ಟ್‌ನೊಳಗೆ ಡ್ಯಾಂಪರ್ ಎಂಬ ತಗಡಿನ ಕದವಿರುತ್ತದೆ. ಆ ವಲಯದ ಥರ್ಮೋಸ್ಟಾಟ್ ತಂಪನ್ನು ಬೇಡಿದಾಗ ಸಣ್ಣ ಮೋಟಾರೊಂದು ಕದವನ್ನು ತೆರೆಯುತ್ತದೆ. ಬೇಡಿಕೆ ತೀರಿದಾಗ ಮುಚ್ಚುತ್ತದೆ. ಒಂದು ಟನ್ ಸಾಮರ್ಥ್ಯಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹರಿಯಬೇಕೆಂಬುದು ರೂಢಿಯ ಲೆಕ್ಕ. ಅಂದರೆ ಐದೂವರೆ ಟನ್ನಿನ ಯಂತ್ರಕ್ಕೆ 2,200 ಘನ ಅಡಿ. ಒಂದೇ ವಲಯ ತೆರೆದಿರುವಾಗ ಅದರ ಡಕ್ಟ್ ಇಷ್ಟು ಗಾಳಿಯನ್ನು ಕೊಂಡೊಯ್ಯಲಾರದು. ಒತ್ತಡ ಏರಿ ಗ್ರಿಲ್‌ಗಳು ಸಿಳ್ಳೆ ಹಾಕುತ್ತವೆ. ಗಾಳಿ ಕಡಿಮೆಯಾದ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆ ಬಳಿಕ ಎಲ್ಲ ವಲಯಗಳಿಗೂ ಗಾಳಿ ಕುಂಠಿತವಾಗುತ್ತದೆ. ಹೆಚ್ಚಾದ ಗಾಳಿಯನ್ನು ಮರಳಿ ಯಂತ್ರಕ್ಕೇ ಒಯ್ಯಲು ಬೈಪಾಸ್ ಡ್ಯಾಂಪರ್ ಇಡುವುದು ಈ ಕಾರಣದಿಂದ. ಅದು ತೆರೆದೇ ಸಿಕ್ಕಿಕೊಂಡರೆ ಕೋಣೆಗೆ ಹೋಗಬೇಕಾದ ತಂಪು ಯಂತ್ರದ ಬಳಿಯೇ ಸುತ್ತು ಹೊಡೆಯುತ್ತಿರುತ್ತದೆ. ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ, ಇಲ್ಲವೇ ಇಲ್ಲವೆನ್ನಲಾಗದು.

ದೋಷ ಪತ್ತೆಗೆ ಮಾಲೀಕರೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮೊದಲು ಫಿಲ್ಟರ್‌ಗಳನ್ನು ತೊಳೆಸಿರಿ. ಬಳಿಕ ಒಂದು ವಲಯವನ್ನು ಮಾತ್ರ 20 ಡಿಗ್ರಿಗೆ ಇಟ್ಟು, ಉಳಿದವುಗಳನ್ನು 30ಕ್ಕೆ ಏರಿಸಿ ಹತ್ತು ನಿಮಿಷ ಕಾಯಿರಿ. ಪ್ರತಿ ಗ್ರಿಲ್‌ನ ಮುಂದೆಯೂ ತೆಳುವಾದ ಕಾಗದ ಹಿಡಿದು ಗಾಳಿಯನ್ನು ಗಮನಿಸಿ, ಬರೆದಿಡಿ. ಅನಂತರ ಮುಂದಿನ ವಲಯ. ಒಂಟಿಯಾಗಿ ಚಾಲೂ ಮಾಡಿದಾಗಲೂ ಗಾಳಿ ಬಾರದ ವಲಯದಲ್ಲಿ ಡ್ಯಾಂಪರ್ ಇಲ್ಲವೆ ಡಕ್ಟ್ ಕೆಟ್ಟಿದೆ. ಒಂಟಿಯಾಗಿ ಚೆನ್ನಾಗಿದ್ದು, ಎಲ್ಲವೂ ತೆರೆದಾಗ ಮಾತ್ರ ಸೊರಗುವ ವಲಯಕ್ಕೆ ಗಾಳಿಯ ಹಂಚಿಕೆ ಸರಿಯಾಗಿಲ್ಲ. ಹಾಲಿನ ಥರ್ಮೋಸ್ಟಾಟ್ ಇಳಿಸಿದಾಗ ಮಲಗುವ ಕೋಣೆಗೆ ಗಾಳಿ ಬಂದರೆ, ಎರಡು ವಲಯಗಳ ತಂತಿಗಳನ್ನು ಅದಲು ಬದಲಾಗಿ ಜೋಡಿಸಿದ್ದಾರೆ ಎಂದರ್ಥ. ನಗೆ ಬರಿಸುವ ತಪ್ಪಾದರೂ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಲ್ಲದು. ಬಿಸಿ ಕೋಣೆಯವರು ಗುಂಡಿ ಒತ್ತಿದಷ್ಟೂ ಹಾಲು ತಣ್ಣಗಾಗುತ್ತ ಹೋಗುತ್ತದೆ.

ಎಲ್ಲ ವಲಯಗಳಲ್ಲೂ ತಂಪು ಕಡಿಮೆಯಿದ್ದರೆ ಮಾತ್ರ ಯಂತ್ರದತ್ತ ತಿರುಗಬೇಕು. ಯಂತ್ರಕ್ಕೆ ಮರಳುವ ಗಾಳಿಗೂ ಯಂತ್ರದಿಂದ ಹೊರಡುವ ಗಾಳಿಗೂ 8ರಿಂದ 12 ಡಿಗ್ರಿ ಅಂತರವಿರುವುದು ಸಾಮಾನ್ಯ. ಒಂದು ಸಾಧಾರಣ ಥರ್ಮಾಮೀಟರಿನಿಂದ ಇದನ್ನು ಅಳೆಯಬಹುದು. ಅಂತರ ತೀರ ಹೆಚ್ಚಿದ್ದರೆ ಗಾಳಿ ಸಾಲದು. ತೀರ ಕಡಿಮೆಯಿದ್ದರೆ ಹೊರಗಿನ ಕಾಯಿಲ್ ಧೂಳು ಹಿಡಿದಿರಬಹುದು, ಕಂಪ್ರೆಸರ್ ದುರ್ಬಲವಾಗಿರಬಹುದು ಅಥವಾ ಗ್ಯಾಸ್ ಸೋರಿರಬಹುದು. "ಗ್ಯಾಸ್ ಮುಗಿದಿದೆ" ಎಂಬ ಮಾತನ್ನು ಸದಸ್ಯರು ಸುಲಭವಾಗಿ ಒಪ್ಪಬಾರದು. ಅದು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ. ಅದನ್ನು ಮುಚ್ಚದೆ ಪ್ರತಿ ವರ್ಷ ತುಂಬಿಸುವುದು ದುಂದುವೆಚ್ಚ.

ಈ ಲೇಖಕನಿಗೆ ಪರಿಚಿತರಾದ ವರ್ತಕರೊಬ್ಬರ ಮನೆಯಲ್ಲಿ ಮಹಡಿಯ ಕೋಣೆಗಳು ರಾತ್ರಿ ಹತ್ತಾದರೂ 29 ಡಿಗ್ರಿಯಿಂದ ಇಳಿಯುತ್ತಿರಲಿಲ್ಲ. ಎರಡು ಟನ್ನಿನ ಹೊಸ ಯಂತ್ರಕ್ಕೆ ದರಪಟ್ಟಿಯೂ ಬಂದಿತ್ತು. ಮೇಲಿನ ಪರೀಕ್ಷೆ ಮಾಡಿದಾಗ ಮಹಡಿಗೆ ಒಂಟಿಯಾಗಿಯೂ ಗಾಳಿ ಬರಲಿಲ್ಲ. ಡ್ಯಾಂಪರಿನ ಮೋಟಾರು ತಿರುಗುತ್ತಿತ್ತು, ಅದರ ಸೂಚಕವೂ "ತೆರೆದಿದೆ" ಎಂದೇ ತೋರಿಸುತ್ತಿತ್ತು. ಆದರೆ ದಂಡಕ್ಕೆ ಹಿಡಿತ ನೀಡುವ ತಿರುಪು ಸಡಿಲಗೊಂಡು ಒಳಗಿನ ಕದ ಮುಚ್ಚಿಯೇ ನಿಂತಿತ್ತು. ಅದಲ್ಲದೆ ದೀಪದ ತಂತಿ ಎಳೆಯಲು ಬಂದವರು ಸುಳ್ಳು ಚಾವಣಿಯೊಳಗಿನ ಬಾಗುವ ಡಕ್ಟನ್ನು ತುಳಿದು ಚಪ್ಪಟೆ ಮಾಡಿದ್ದರು. ತಿರುಪು ಬಿಗಿದು ಡಕ್ಟ್ ನೇರಗೊಳಿಸಲು ಅರ್ಧ ದಿನ ಸಾಕಾಯಿತು. ಖರ್ಚಾದದ್ದು ಇದಕ್ಕಲ್ಲ, ಡ್ಯಾಂಪರಿನ ಕೆಳಗೆ ತಪಾಸಣೆಯ ಬಾಗಿಲೇ ಇಲ್ಲದ್ದರಿಂದ ಒಡೆಯಬೇಕಾಗಿ ಬಂದ ಪಿ.ಒ.ಪಿ. ಚಾವಣಿಯನ್ನು ಮತ್ತೆ ಕಟ್ಟಿಸಲು.

ಇಷ್ಟಾದ ಮೇಲೂ ಪಶ್ಚಿಮದ ಕೋಣೆ ಸಂಜೆಯ ಹೊತ್ತು ಎರಡು ಡಿಗ್ರಿ ಹೆಚ್ಚೇ ಇತ್ತು. ಇದು ಯಂತ್ರದ ದೋಷವಲ್ಲ. ಹಗಲೆಲ್ಲ ಕಾದ ಆರ್.ಸಿ.ಸಿ. ಚಾವಣಿ ರಾತ್ರಿಯವರೆಗೂ ಶಾಖವನ್ನು ಒಳಗೆ ಬಿಡುತ್ತಿರುತ್ತದೆ. ಚಾವಣಿಗೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಲೇಪನ, ಕಿಟಕಿಯ ಹೊರಗೆ ನೆರಳು, ಇವು ಹೆಚ್ಚುವರಿ ಟನ್ನಿಗಿಂತ ಅಗ್ಗ. ಅಗತ್ಯಕ್ಕಿಂತ ದೊಡ್ಡ ಯಂತ್ರವು ಬೇಗನೆ ತಂಪಾಗಿಸಿ ಬೇಗನೆ ನಿಲ್ಲುವುದರಿಂದ ಗಾಳಿಯ ತೇವ ಕಳೆಯುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಾಗಿಲು ಮುಚ್ಚಿದಾಗ ಮಾತ್ರ ಕೋಣೆ ಬಿಸಿಯಾದರೆ ಗಾಳಿ ಯಂತ್ರಕ್ಕೆ ಮರಳಲು ದಾರಿಯಿಲ್ಲವೆಂದು ತಿಳಿಯಿರಿ. ಬಾಗಿಲಿಗೆ ಜಾಲರಿ ಕೂರಿಸಿದರೆ ಸಾಕು. ಟಿ.ವಿ.ಯ ಮೇಲೆ ಅಥವಾ ಬಿಸಿಲು ಬೀಳುವ ಗೋಡೆಯಲ್ಲಿರುವ ಥರ್ಮೋಸ್ಟಾಟ್ ತಪ್ಪು ಲೆಕ್ಕ ಹೇಳುತ್ತದೆ. ಹೊರ ಯಂತ್ರದ ಹಾಗೂ ತಂತಿಗಳ ಕೆಲಸಕ್ಕೆ ಮಾತ್ರ ಮಾಲೀಕರು ಕೈ ಹಾಕಬಾರದು. ಇಂತಹ ದೊಡ್ಡ ಯಂತ್ರಗಳಿಗೆ ಹೆಚ್ಚಾಗಿ 415 ವೋಲ್ಟ್‌ನ ತ್ರೀ ಫೇಸ್ ವಿದ್ಯುತ್ ಇರುತ್ತದೆ.

ಹೊಸದಾಗಿ ಅಳವಡಿಸುವವರು ಕಾರ್ಯಾದೇಶದಲ್ಲಿಯೇ ಮೂರು ಷರತ್ತುಗಳನ್ನು ಸೇರಿಸುವುದು ಒಳಿತು: ಡಕ್ಟ್‌ಗಳ ನಕ್ಷೆ, ಪ್ರತಿ ಗ್ರಿಲ್‌ನಲ್ಲಿ ಅಳೆದ ಗಾಳಿಯ ಪ್ರಮಾಣದ ಲಿಖಿತ ಪಟ್ಟಿ, ಪ್ರತಿ ಡ್ಯಾಂಪರಿನ ಕೆಳಗೆ ತಪಾಸಣೆಯ ಬಾಗಿಲು. ಇವು ದೊರೆಯುವವರೆಗೆ ಅಂತಿಮ ಕಂತನ್ನು ತಡೆಹಿಡಿಯುವ ಹಕ್ಕನ್ನೂ ಅದೇ ಆದೇಶದಲ್ಲಿ ಬರೆಸಿಕೊಳ್ಳಬೇಕು. ಕೆಲಸ ಮುಗಿದು ಹಣ ಪಾವತಿಯಾದ ಮೇಲೆ ಕೇಳಿದರೆ ನಕ್ಷೆ ಸಿಗುವುದು ಕಷ್ಟ.