ಹೆರಿಗೆ ಕೋಣೆಯ ಸಂಶೋಧಕಿಯರು

ಮಹಿಳಾ ವಿಜ್ಞಾನಿಗಳ ಮಾತು ಬಂದರೆ ಕಮಲಾ ಸೊಹೋನಿ ಅವರ ಹೆಸರು ಬರಲೇಬೇಕು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೆಣ್ಣೆಂಬ ಕಾರಣಕ್ಕೆ ಅವರನ್ನು ಮೊದಲು ಬೇಡವೆಂದಿತು, ಆಮೇಲೆ ಷರತ್ತು ಹಾಕಿ ಸೇರಿಸಿಕೊಂಡಿತು. ಮುಂದೆ ಅವರು ತಾಳೆಜಾತಿಯ ಮರಗಳಿಂದ ಇಳಿಸುವ ‘ನೀರಾ’ ಎಂಬ ಸಿಹಿರಸದ ಪೌಷ್ಟಿಕ ಗುಣವನ್ನು ಅಳೆದು, ಬಡ ಬಸುರಿಯರಿಗೂ ಮಕ್ಕಳಿಗೂ ಅದು ಒದಗುವುದೆಂದು ತೋರಿಸಿದರು. ಪ್ರಯೋಗಾಲಯದ ತಿಳಿವು ರೋಗಿಯ ಮಂಚದವರೆಗೆ ಬರುವ ಈ ದಾರಿಗೆ ವೈದ್ಯರು ಟ್ರಾನ್ಸ್‌ಲೇಷನಲ್ ಮೆಡಿಸಿನ್ ಎನ್ನುತ್ತಾರೆ. ಅದರಲ್ಲಿ ಹೆಂಗಸರ ಪಾಲನ್ನು ಡಾಕ್ಟರೇಟ್ ಪಡೆದವರ ಲೆಕ್ಕದಲ್ಲಷ್ಟೇ ಹಿಡಿದರೆ ದೊಡ್ಡ ಭಾಗವೇ ಬಿಟ್ಟುಹೋಗುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನವೇ ಇದಕ್ಕೆ ಸಾಕ್ಷಿ.

ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಬಾಣಂತಿಗೆ ಉಳಿಯುವುದು ಕೆಲವೇ ಗಂಟೆ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಣ್ಣಗೆ ಇಟ್ಟಿರಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಆ ರಗಳೆಯಿಲ್ಲ. ಅದು ಗರ್ಭಕೋಶವನ್ನು ಬಿಗಿಗೊಳಿಸುತ್ತದೆಂಬುದು ಗೊತ್ತಿತ್ತು. ವೈದ್ಯರಿಲ್ಲದ ಹಳ್ಳಿ ಹೆರಿಗೆಯಲ್ಲೂ ಅದನ್ನು ನಂಬಬಹುದೇ ಎಂಬುದು ಪ್ರಶ್ನೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರೊಡನೆ 2002ರಿಂದ 2005ರವರೆಗೆ 1,620 ಹೆಂಗಸರಲ್ಲಿ ಇದನ್ನು ಪರೀಕ್ಷಿಸಿತು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಸಹಾಯಕ ನರ್ಸ್-ಸೂಲಗಿತ್ತಿಯರಾದ ಎ.ಎನ್.ಎಂ. ಸಿಸ್ಟರ್‌ಗಳು. ಕೈಲಿರುವುದು ಔಷಧವೋ, ಹೋಲಿಕೆಗೆಂದು ಕೊಡುವ ಔಷಧವಿಲ್ಲದ ಹುಸಿಮಾತ್ರೆಯೋ ಅವರಿಗೂ ಗೊತ್ತಿರಲಿಲ್ಲ. ಮಗು ಹುಟ್ಟಿದ ಕೂಡಲೇ ಬಾಣಂತಿಯ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಆಲಿಕೆಯಂಥ ಚೀಲಕ್ಕೆ ಇಳಿದ ರಕ್ತವನ್ನು ಗೆರೆ ನೋಡಿ ಬರೆದುಕೊಳ್ಳುತ್ತಿದ್ದರು. 500 ಮಿ.ಲೀ. ಮುಟ್ಟಿದ ರಕ್ತಸ್ರಾವ ಹುಸಿಮಾತ್ರೆಯವರಲ್ಲಿ ಶೇ 12, ಔಷಧ ನುಂಗಿದವರಲ್ಲಿ ಶೇ 6.4. ಚಳಿನಡುಕ, ಜ್ವರ ಔಷಧ ನುಂಗಿದವರಲ್ಲಿ ಹೆಚ್ಚಾಗಿ ಬಂದು ಹೋದವು. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು; 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದೇ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹೇಳಿದ್ದನ್ನಷ್ಟೇ ಮಾಡಿದ ಈ ಸಿಸ್ಟರ್‌ಗಳು ಸಂಶೋಧಕರು ಹೇಗಾದಾರು, ಯೋಜನೆ ಹಾಕಿದವರಲ್ಲವೇ ಸಂಶೋಧಕರು ಎಂದು ಕೇಳಬಹುದು. ಯೋಜನೆಯ ಶ್ರೇಯ ಅದನ್ನು ಹಾಕಿದವರಿಗೇ ಸಲ್ಲಲಿ, ಅದರಲ್ಲಿ ತಕರಾರಿಲ್ಲ. ಆ ತಂಡದಲ್ಲೂ ಶಿಕಾಗೊದ ಸ್ಟೇಸಿ ಗೆಲ್ಲರ್ ಅವರಂಥ ಮಹಿಳೆಯರಿದ್ದರು. ಆದರೆ ಈ ಅಧ್ಯಯನದ ಜೀವವಿದ್ದದ್ದು ಅಳತೆಯಲ್ಲಿ. ಬೆಳಗಾವಿಯಲ್ಲೇ ನಡೆದ ಇನ್ನೊಂದು ಹೋಲಿಕೆಯಲ್ಲಿ ಕಣ್ಣಂದಾಜು, ಹಾಳೆಯ ಅಳತೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. ಸಿಸ್ಟರ್ ಅವಸರದಲ್ಲಿ ಅಂದಾಜು ಬರೆದಿದ್ದರೆ ಲ್ಯಾನ್ಸೆಟ್‌ನ ಅಂಕಿಗಳಿಗೆ ಬೆಲೆಯೇ ಇರುತ್ತಿರಲಿಲ್ಲ. ನೋವು ತಿನ್ನುತ್ತಿರುವವಳ ಪಕ್ಕ ನಿಂತು ತಪ್ಪಿಲ್ಲದ ಅಂಕಿ ದಾಖಲಿಸುವುದು ಕೂಲಿ ಕೆಲಸವಲ್ಲ. ಗಂಡಸರೂ ಇದನ್ನು ಮಾಡಬಲ್ಲರು, ನಿಜ; ಆದರೆ ನಮ್ಮ ಹಳ್ಳಿಯ ಹೆರಿಗೆ ಕೋಣೆಗೆ ಅವರನ್ನು ಬಿಡುವವರು ಯಾರು?

ನಮ್ಮ ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಹಳ್ಳಿಗಳಲ್ಲೂ ಹೆರಿಗೆ ಕಷ್ಟವಾದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡಬೇಕು. ಅಲ್ಲಿಯವರೆಗೆ ಜೀವ ಹಿಡಿದಿಡುವ ವಿದ್ಯೆ ಇಲ್ಲಿನ ಸಿಸ್ಟರ್‌ಗಳ ಕೈಯಲ್ಲಿದೆ. ನಾಳೆ ಈ ತಾಲ್ಲೂಕುಗಳಲ್ಲಿ ಅಧ್ಯಯನ ನಡೆಸುವ ವೈದ್ಯಕೀಯ ಕಾಲೇಜುಗಳು ಪ್ರಶ್ನೆ ಸಿದ್ಧಪಡಿಸುವ ಹೊತ್ತಿಗೇ ಅವರನ್ನು ಕೂರಿಸಿಕೊಳ್ಳಲಿ, ಪ್ರಬಂಧ ಅಚ್ಚಾಗುವಾಗ ಲೇಖಕರ ಸಾಲಿನಲ್ಲಿ ಅವರ ಹೆಸರನ್ನೂ ಹಾಕಲಿ. ಬೆಳಗಾವಿಯ ಪ್ರಬಂಧದಲ್ಲಿ ಆ ಸಾಲಿಗೆ ಸಿಸ್ಟರ್‌ಗಳು ಬರಲಿಲ್ಲ.