ಬಳ್ಳಾರಿ ಮೊದಲೋ, ಬಸ್ತಿಹಳ್ಳಿ ಮೊದಲೋ?

ಹಳೇಬೀಡಿನ ಮಗ್ಗುಲಲ್ಲೇ ಇರುವ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಅದನ್ನು ಹೇಳುವ ಶಾಸನಕ್ಕೆ ಬಿ.ಎಲ್. ರೈಸ್ ತಮ್ಮ ಶಾಸನಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ ಕೊಟ್ಟ ಗುರುತು ‘ಬೇಲೂರು 124’. ಇಂಥ ಶಾಸನಗಳ ಪಟ್ಟಿಯನ್ನು ವೆಬ್ ಕೋಷ್ಟಕಕ್ಕೆ ಏರಿಸುತ್ತಿರುವ ಓದುಗರೊಬ್ಬರ ದೂರು ಹೀಗಿದೆ: ‘ಬೇಲೂರು 124’ ಹೋಗಿ ‘ಬೇಲೂರು 17’ರ ಮೇಲೆ ಕೂರುತ್ತದೆ, ಶಕವರ್ಷ ತಿದ್ದಿ ಮತ್ತೆ ಸಾರ್ಟ್ ಒತ್ತಿದರೆ ಸಾಲು ಕದಲುವುದೇ ಇಲ್ಲ. ಕಂಪ್ಯೂಟರಿಗೆ ಎಣಿಸಲು ಬರುವುದಿಲ್ಲವೆ?

ಬರುತ್ತದೆ, ಆದರೆ ‘ಬೇಲೂರು 124’ ಅದರ ಪಾಲಿಗೆ ಸಂಖ್ಯೆಯಲ್ಲ, ಅಕ್ಷರಗಳ ಸರ. ಎಡದಿಂದ ಒಂದೊಂದಾಗಿ ಹೋಲಿಸುತ್ತದೆ. 1ಕ್ಕೆ 1 ಸಮ. 2 ಎನ್ನುವುದು 7ಕ್ಕಿಂತ ಮೊದಲು. ಅಲ್ಲಿಗೆ ತೀರ್ಪು ಮುಗಿಯಿತು. ಶಕ 999 ಕೂಡ ಹೀಗೆಯೇ 1000ದ ಕೆಳಗೆ ಬೀಳುತ್ತದೆ. ಕನ್ನಡ ಅಂಕಿಯಲ್ಲಿ ‘೧೨೪’ ಎಂದು ಬರೆದಿದ್ದರಂತೂ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದೇ ಇಲ್ಲ.

ತಿದ್ದಬಹುದಾದ ಕೋಶದ ತೊಡಕು ಬೇರೆ. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಂಡರಣೆಯೊಳಕ್ಕೆ ಇಳಿಸಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ನಿಧಾನವಾಗಿ ಓದುವುದು ಆಮೇಲೆ, ಕಲ್ಲಿನಿಂದ ದೂರ, ಮೇಜಿನ ಮೇಲೆ. ಅಚ್ಚು ತೆಗೆದ ಮರುದಿನ ಯಾರೋ ಕಲ್ಲಿಗೆ ಉಳಿ ತಾಗಿಸಿದರೆ ಕಾಗದಕ್ಕೆ ಅದರ ಸುಳಿವಿಲ್ಲ. ಡೇಟಾಟೇಬಲ್ಸ್‌ನಂಥ ಲೈಬ್ರರಿಗಳ ರೀತಿಯೂ ಇದೇ. ಪುಟ ತೆರೆದಾಗಲೇ ಕೋಶಗಳ ಅಚ್ಚು ತೆಗೆದಿಟ್ಟುಕೊಂಡು, ಸಾರ್ಟ್ ಮಾಡುವಾಗ ಆ ಅಚ್ಚನ್ನೇ ನೋಡುತ್ತವೆ. ನೀವು ಟೈಪಿಸಿದ್ದು ಕೋಶದೊಳಗಿನ ಬರೆಯುವ ಪೆಟ್ಟಿಗೆಯ ಈಗಿನ ಬೆಲೆಯಾಗುತ್ತದೆ. ಪುಟದ ಎಚ್‌ಟಿಎಂಎಲ್‌ನಲ್ಲಿ ಬರೆದಿಟ್ಟ ಮೂಲ ಬೆಲೆ ಹಾಗೇ ಉಳಿದಿರುತ್ತದೆ. ಕೆಲವೊಮ್ಮೆ ಅಚ್ಚಿನಲ್ಲಿ ಪೆಟ್ಟಿಗೆಯ ಟ್ಯಾಗ್ ಕಳಚಿಹೋಗಿ ಎಲ್ಲ ಕೋಶವೂ ಖಾಲಿಯಾಗಿ ಕಾಣುತ್ತದೆ. ಎಲ್ಲವೂ ಸಮ ಎಂದಮೇಲೆ ಸಾಲುಗಳು ಕದಲುವುದೇಕೆ? ಸಾರ್ಟ್‌ಗೆ ಮುನ್ನ ಪೆಟ್ಟಿಗೆಯ ಈಗಿನ ಬೆಲೆಯನ್ನೇ ಓದು ಎಂದು ಆ ಕಾಲಂಗೆ ಸೂಚಿಸಬೇಕು. ಡೇಟಾಟೇಬಲ್ಸ್‌ನಲ್ಲಿ ಅದಕ್ಕೆ ದಾರಿಯಿದೆ.

ಹಾಗಾದರೆ ಟೈಪಿಸುತ್ತಿದ್ದಂತೆಯೇ ಸಾಲು ತನ್ನ ಜಾಗಕ್ಕೆ ಹೋಗಿಬಿಡಲಿ ಎನ್ನುವವರಿದ್ದಾರೆ. ಅವರಿಗೆ 1976ರ ಕಥೆ ಹೇಳಬೇಕು. ಐಬಿಎಂನ ‘ಸಿಸ್ಟಂ ಆರ್’ ಡೇಟಾಬೇಸ್ ತಂಡದ ಪ್ಯಾಟ್ ಸೆಲಿಂಜರ್ ಮತ್ತು ಮಾರ್ಟನ್ ಅಸ್ಟ್ರಾಹಾನ್, 25,000 ಡಾಲರಿಗಿಂತ ಕಡಿಮೆ ಸಂಬಳದ ನೌಕರರಿಗೆಲ್ಲ ಶೇಕಡ 10 ಏರಿಸು ಎಂದು ಯಂತ್ರಕ್ಕೆ ಹೇಳಿದರು. ಕೆಲಸ ಮುಗಿದಾಗ ಒಬ್ಬರ ಸಂಬಳವೂ 25,000ಕ್ಕಿಂತ ಕಡಿಮೆ ಇರಲಿಲ್ಲ! ಯಂತ್ರ ಸಂಬಳದ ಏರಿಕೆಯ ಕ್ರಮದಲ್ಲೇ ನಡೆಯುತ್ತಿತ್ತು. ಏರಿಸಿದ ಸಾಲು ಮುಂದಕ್ಕೆ ಜಿಗಿದು ಮತ್ತೆ ಎದುರಾಗುತ್ತಿತ್ತು, ಮತ್ತೆ ಏರುತ್ತಿತ್ತು. ಅದು ಹ್ಯಾಲೋವೀನ್ ದಿನ. ಡೇಟಾಬೇಸ್ ಮಂದಿ ಇವತ್ತಿಗೂ ಇದನ್ನು ಹ್ಯಾಲೋವೀನ್ ಸಮಸ್ಯೆ ಎನ್ನುತ್ತಾರೆ. ಯಾವ ಕಾಲಂ ಹಿಡಿದು ಜೋಡಿಸಿದ್ದೀರೋ ಅದನ್ನೇ ತಿದ್ದುತ್ತಿರುವಾಗ ಸಾಲು ನಿಂತಲ್ಲೇ ನಿಲ್ಲಲಿ. ಜೋಡಣೆ ಆಮೇಲೆ, ನೀವು ಕೇಳಿದಾಗ.

ಇಷ್ಟೆಲ್ಲ ಸರಿಮಾಡಿದರೂ ಊರಿನ ಕಾಲಂನಲ್ಲಿ ಬಳ್ಳಾರಿ ಬಸ್ತಿಹಳ್ಳಿಗಿಂತ ಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕಟ್ಟಕಡೆಯದು, ‘ಸ’ ಅದಕ್ಕೆ ಮೊದಲು. ನಿಘಂಟಿನ ಪ್ರಕಾರ ಬಸ್ತಿಹಳ್ಳಿಯೇ ಮುಂದೆ ಇರಬೇಕು. ಈ ತಪ್ಪಿನ ಬೇರು ಭಾರತದ್ದೇ. ಭಾರತೀಯ ಲಿಪಿಗಳಿಗಾಗಿ ಇಲ್ಲಿ ರೂಪಿಸಿದ ‘ಇಸ್ಕಿ’ ಸಂಕೇತ ಎಲ್ಲ ಲಿಪಿಗೂ ಒಂದೇ ಚೌಕಟ್ಟು ಹಾಕಿತ್ತು. 1991ರಲ್ಲಿ ಬಂದ ಯೂನಿಕೋಡ್ ಅದನ್ನು ಹಾಗೆಯೇ ಎತ್ತಿಕೊಂಡಿತು. ದೇವನಾಗರಿಯ ‘ळ’ ತನ್ನ ವಿಭಾಗದಲ್ಲಿ 33ನೆಯ ಮನೆಯಲ್ಲಿದ್ದರೆ (ಹದಿನಾರರ ಲೆಕ್ಕದಲ್ಲಿ) ಕನ್ನಡದ ‘ಳ’ಕ್ಕೂ ಅದೇ ಮನೆ, ‘ಲ’ದ ಪಕ್ಕ. ಜಾವಾಸ್ಕ್ರಿಪ್ಟಿನ ಸಾದಾ ಸಾರ್ಟ್ ನೋಡುವುದು ಈ ಮನೆ ಸಂಖ್ಯೆಯನ್ನು. ಈ ಚೌಕಟ್ಟಿನಿಂದ ಲಿಪ್ಯಂತರ ಸುಲಭವಾಯಿತು, ನಿಜ. ಆದರೆ ನಮ್ಮ ಅಕಾರಾದಿ ಕ್ರಮ ಅದಕ್ಕೆ ಬೆಲೆ ತೆತ್ತಿತು ಎಂದೇ ನನ್ನ ಅಭಿಪ್ರಾಯ. ಬ್ರೌಸರಿನಲ್ಲೇ ಇರುವ ‘ಇಂಟ್ಲ್ ಕೊಲೇಟರ್’ಗೆ ಭಾಷೆ ಕನ್ನಡ ಎಂದು ತಿಳಿಸಿದರೆ ಸಾಕು. ಅಂಕಿಯನ್ನು ಅಂಕಿಯಾಗಿ ನೋಡು ಎಂಬ ಆಯ್ಕೆಯೂ ಅದರಲ್ಲಿದೆ. 17 ಮತ್ತು 124ರ ಜಗಳ ಅಲ್ಲೇ ಮುಗಿಯುತ್ತದೆ.

ಸಂವತ್ಸರದ ಕಾಲಂಗೆ ಮಾತ್ರ ಇದೂ ಸಾಲದು. ಪ್ರಭವ ಮೊದಲನೆಯದು, ಅಕ್ಷಯ ಅರವತ್ತನೆಯದು. ಅಕಾರಾದಿಯಲ್ಲಿ ಅಕ್ಷಯವೇ ತುದಿಗೇರುತ್ತದೆ. ಅಲ್ಲಿ ಪ್ರತಿ ಹೆಸರಿನ ಬೆನ್ನಿಗೆ 1ರಿಂದ 60ರವರೆಗಿನ ಸಂಖ್ಯೆಯೊಂದನ್ನು ಮರೆಯಲ್ಲಿ ಇಟ್ಟು, ಅದನ್ನು ಹಿಡಿದು ಜೋಡಿಸಬೇಕು.