ಸೊಳ್ಳೆಮರಿಗೆ ಔಷಧಿ: ತೊಟ್ಟಿಗೆ ಸರಿ, ಗದ್ದೆಗೆ?

ನಮ್ಮ ಕೊಪ್ಪಳ ಸೀಮೆಯ ಸೊಳ್ಳೆ ವಿಚಿತ್ರ. ಗಂಗಾವತಿ ಕಡೆ ನೀರು ಹೆಚ್ಚಾಗಿ ಹುಟ್ಟುತ್ತದೆ, ಕುಷ್ಟಗಿ-ಯಲಬುರ್ಗಾ ಕಡೆ ನೀರು ಕಡಿಮೆಯಾಗಿ!

ನಾನು ಒಣಬೇಸಾಯದವ. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬಂದರೆ ಕೊಡ, ಬ್ಯಾರಲ್, ಸಿಮೆಂಟ್ ತೊಟ್ಟಿ ಎಲ್ಲ ತುಂಬಿಡುವುದೇ. ಡೆಂಗೆ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದೂ ಇಷ್ಟೇ. 2006ರ ಚಿಕುನ್‌ಗುನ್ಯಾದಲ್ಲಿ ನಮ್ಮ ಮನೆಯ ಮೂವರು ಕೀಲು ಹಿಡಿದು ಮಲಗಿ, ಹೊಲದಲ್ಲಿ ಎಡೆ ಹೊಡೆಯಲು ಆಳಿಲ್ಲದಂತಾಗಿತ್ತು.

ಇಂಥ ತೊಟ್ಟಿಗೆ ಆರೋಗ್ಯ ಸಿಬ್ಬಂದಿ ಹಾಕುವುದು ಟೆಮಿಫಾಸ್. ಲೀಟರು ನೀರಿಗೆ 1 ಮಿಲಿಗ್ರಾಂ, ಅಂದರೆ ಸಾವಿರ ಲೀಟರಿಗೆ ಬರೇ 1 ಗ್ರಾಂ. ಅಷ್ಟರಲ್ಲಿ ಮರಿ ಸಾಯುತ್ತದೆ, ಕುಡಿಯುವವರಿಗೆ ತೊಂದರೆಯಿಲ್ಲ. ಅಳತೆ ಅವರಿಗೇ ಬಿಡಿ. ‘ಬೆಳೆಗೆ ಹೊಡೆದುಳಿದ ಮೊನೋಕ್ರೊಟೊಫಾಸ್ ಎರಡು ಹನಿ ಬಿಟ್ಟರಾಯ್ತಲ್ಲ’ ಎಂದವರನ್ನು ಕಂಡಿದ್ದೇನೆ. ಎರಡೂ ಒಂದೇ ಗುಂಪಿನ ವಿಷ, ಖರೆ. ಆದರೆ ಮೊನೋಕ್ರೊಟೊಫಾಸ್ ಮನುಷ್ಯರಿಗೆ, ದನಕ್ಕೆ ಟೆಮಿಫಾಸ್‌ಗಿಂತ ನೂರಾರು ಪಟ್ಟು ಘೋರ. ಆ ಡಬ್ಬಿ ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಔಷಧಿ ಹಾಕಿದ್ದೇ ಮುಗಿಯಲಿಲ್ಲ. ಈಡಿಸ್ ತತ್ತಿ ತೊಟ್ಟಿಯ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಬಿದ್ದರೆ ಮತ್ತೆ ಮರಿ. ತತ್ತಿಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಿ ನಾರಿನಿಂದ ಗಸಗಸ ತಿಕ್ಕಬೇಕು. ತಿಕ್ಕಲಾಗದ ದೊಡ್ಡ ತೊಟ್ಟಿಗೆ, ಬಾವಿಗೆ ಗಪ್ಪಿ ಮೀನು ಬಿಡಿ.

ಗಂಗಾವತಿಯ ಭತ್ತದ ಗದ್ದೆಯ ಸೊಳ್ಳೆ ಬೇರೆ, ಕ್ಯುಲೆಕ್ಸ್. ಕೊಕ್ಕರೆ, ಹಂದಿಗಳ ಮೈಯಲ್ಲಿರುವ ಮಿದುಳುಜ್ವರದ ವೈರಸ್ಸನ್ನು ಇದು ಮಕ್ಕಳಿಗೆ ತರುತ್ತದೆ. ಬದುಕುಳಿದ ಮಗುವಿಗೂ ಬುದ್ಧಿ, ಕೈಕಾಲು ಊನವಾಗಬಹುದು. ಎಡದಂಡೆ ಕಾಲುವೆಯ ಎಕರೆಗಟ್ಟಲೆ ಗದ್ದೆಗೆ ಟೆಮಿಫಾಸ್ ಎರಚಲಾದೀತೆ? ಖರ್ಚೂ ತಾಳದು, ಮರಿ ತಿನ್ನುವ ಕೀಟಗಳಿಗೂ ಕುತ್ತು.

ಇಲ್ಲಿ ನೀರೇ ಔಷಧಿ. ಸದಾ ನಿಲ್ಲಿಸುವ ಬದಲು ಆಗಾಗ ನೀರು ಬಸಿದು ಮಣ್ಣು ಕಾಣುವಷ್ಟು ಆರಿಸಿದರೆ ಮರಿಗಳು ಒಣಗುತ್ತವೆ. ಹೂ ಬಿಡುವಾಗ ಮಾತ್ರ ಬೇಡ. ಮದುರೈನ ವಿಜ್ಞಾನಿಗಳು 1990ರ ದಶಕದಲ್ಲಿ ಇದನ್ನೂ ಬೇವಿನ ಹಿಂಡಿಯನ್ನೂ ಗದ್ದೆಯಲ್ಲೇ ಪರೀಕ್ಷಿಸಿದ್ದರು. ಕಷ್ಟವಿರುವುದು ಸರದಿಯಲ್ಲಿ. ಬಿಟ್ಟ ನೀರು ಮತ್ತೆ ಬರುವ ಭರವಸೆಯಿಲ್ಲದ ಕೊನೆಭಾಗದ ರೈತ ಗದ್ದೆ ಆರಿಸಲು ಒಪ್ಪಿಯಾನೇ? ಅಕ್ಕಪಕ್ಕದವರು ಒಟ್ಟಿಗೆ ಆರಿಸದಿದ್ದರೆ ಒಬ್ಬನ ಶ್ರಮ ವ್ಯರ್ಥ.

ಹಾಗಾಗಿ ಮಕ್ಕಳ ಲಸಿಕೆಯನ್ನು ಇದಕ್ಕಾಗಿ ಕಾಯಿಸಬೇಡಿ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು.